ತಳ್ಳಿದವರು ಯಾರು? ವಾಚಕರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಟಪಾಲಿನಲ್ಲಿ ಲೋಕಲ್ ಗಾಡಿಯಿಂದ ಹಿಡಿದು ಸಾಂಬಾರಿನ ಬಕೆಟ್ಟಿನ ತನಕ ಪ್ರಶ್ನೆಗಳು ಬಂದಿವೆ. ಬಿಡಿಸಿ ನೋಡಿದರೆ ಹೆಚ್ಚಿನವು ಜಡತ್ವದ (ನಿಂತದ್ದು ನಿಂತೇ ಇರಲು, ಓಡುವುದು ಓಡುತ್ತಲೇ ಇರಲು ನೋಡುವ ಗುಣದ) ಪ್ರಶ್ನೆಗಳೇ. ಆದ್ದರಿಂದ ಒಂದೇ ಸಂಚಿಕೆಗೆ ಸೇರಿಸಿದ್ದೇವೆ. ಲೆಕ್ಕಗಳಲ್ಲಿ 'ಕಿಲೋ ಬಲ' ಎಂದರೆ ಒಂದು ಕಿಲೋ ವಸ್ತುವನ್ನು ಕೈಯಲ್ಲಿ ಎತ್ತಿ ಹಿಡಿಯಲು ಬೇಕಾದಷ್ಟು ಬಲ ಎಂದು ಓದಿಕೊಳ್ಳಿ.

ಪ್ರಶ್ನೆ: ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ದಿನಾ ನಿಂತೇ ಪ್ರಯಾಣ. ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುವುದು ಜಡತ್ವದಿಂದ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಗಾಡಿ ಪೂರ್ತಿ ನಿಂತ ಕ್ಷಣದಲ್ಲಿ ಎಲ್ಲರೂ ಹಿಂದಕ್ಕೆ ಜೋಲಿ ಹೊಡೆಯುತ್ತಾರಲ್ಲ, ಆಗ ಹಿಂದಕ್ಕೆ ತಳ್ಳುವುದು ಯಾವುದು?

ಉತ್ತರ: ಮೊದಲ ಸಲ ನಿಮ್ಮನ್ನು ಯಾರೂ ತಳ್ಳಿಲ್ಲ. ಎರಡನೇ ಸಲ ತಳ್ಳಿಕೊಂಡದ್ದು ನೀವೇ.

ಗಾಡಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡುವಾಗ ನೀವೂ ಅದೇ ವೇಗದಲ್ಲಿ ಓಡುತ್ತಿರುತ್ತೀರಿ. ಬ್ರೇಕ್ ಹಿಡಿಯುವುದು ಚಕ್ರವನ್ನು, ನಿಮ್ಮನ್ನಲ್ಲ. ಬೋಗಿಯ ನೆಲ ನಿಮ್ಮ ಅಂಗಾಲನ್ನು ಘರ್ಷಣೆಯಿಂದ ಹಿಡಿದು ನಿಧಾನಿಸುತ್ತದೆ. ಸೊಂಟದಿಂದ ಮೇಲಿನ ದೇಹಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲದ ಕಾರಣ ಅದು ಹಳೆಯ ವೇಗದಲ್ಲೇ ಸಾಗುತ್ತದೆ. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣಿಗೆ ನೀವು ಮುಂದಕ್ಕೆ ಬಿದ್ದಿಲ್ಲ, ಗಾಡಿ ನಿಮ್ಮ ಕಾಲಡಿಯಿಂದ ಹಿಂದೆ ಉಳಿದಿದೆ, ಅಷ್ಟೇ.

ಇನ್ನು ನಿಲ್ಲುವ ಕ್ಷಣ. ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರ್‌ನಂತೆ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. 60 ಕಿಲೋ ತೂಕದ ಮನುಷ್ಯನನ್ನು ಹಾಗೆ ನಿಧಾನಿಸಲು ಸುಮಾರು ನಾಲ್ಕೂವರೆ ಕಿಲೋ ಬಲ ಹಿಂದಕ್ಕೆ ಬೇಕು. ಅದನ್ನು ಪಡೆಯಲು ನಿಮಗರಿವಿಲ್ಲದೆಯೇ ದೇಹವನ್ನು ಹಿಂದಕ್ಕೆ ವಾಲಿಸಿರುತ್ತೀರಿ. ಗುರುತ್ವಕೇಂದ್ರ (ದೇಹದ ತೂಕವೆಲ್ಲ ನೆಲೆಸಿದಂತಿರುವ ಬಿಂದು) ನೆಲದಿಂದ 95 ಸೆಂ.ಮೀ. ಎತ್ತರದಲ್ಲಿದ್ದರೆ ಅದು ಸುಮಾರು 7 ಸೆಂ.ಮೀ. ಹಿಂದೆ ಸರಿದಿರಬೇಕು. ಇಪ್ಪತ್ತೈದು ಸೆಕೆಂಡಿನಷ್ಟು ಹೀಗೇ ನಡೆದ ಮೇಲೆ ವೇಗ ಸೊನ್ನೆಗೆ ಬರುತ್ತದೆ, ಮತ್ತು ನಿಧಾನಿಸುವಿಕೆ ಅದೇ ಕ್ಷಣ ಮಾಯವಾಗುತ್ತದೆ. ನಿಂತ ಗಾಡಿಯನ್ನು ಬ್ರೇಕು ಹಿಂದಕ್ಕೆ ಎಳೆಯಲಾರದು. ಆದರೆ ನಿಮ್ಮ ಸ್ನಾಯುಗಳಿಗೆ ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಆ ವಾಲುವಿಕೆಯೇ ನಿಮ್ಮನ್ನು ಹಿಂದಕ್ಕೆ ಕೆಡವುತ್ತದೆ. ಬ್ರೇಕ್ ಹೊತ್ತಿನಲ್ಲಿ ಕುಗ್ಗಿದ್ದ ಬೋಗಿಯ ಸ್ಪ್ರಿಂಗುಗಳು ಮರಳಿ ಹಿಗ್ಗಿ ಇನ್ನಷ್ಟು ಕುಲುಕು ಸೇರಿಸುತ್ತವೆ. ಕೈ ಪಳಗಿದ ಮೋಟರ್‌ಮನ್ ಕೊನೆಯ ಕೆಲವು ಮೀಟರ್‌ಗಳಲ್ಲಿ ಬ್ರೇಕ್ ಸಡಿಲಿಸುತ್ತ ಬರುತ್ತಾನೆ. ಆಗ ಈ ಜೋಲಿ ಬಹುತೇಕ ಇರುವುದಿಲ್ಲ. ಕಾರು ಓಡಿಸುವವರೂ ಇದನ್ನು ಮಾಡಿ ನೋಡಬಹುದು.

ನಿಲ್ಲುವ ರೀತಿ ಮುಖ್ಯ. ಎಂಜಿನ್ ಕಡೆ ಮುಖಮಾಡಿ ನಿಂತರೆ ಹಿಂದಕ್ಕೆ ಆಧಾರ ಕೊಡುವುದು ಹಿಮ್ಮಡಿಯ ನಾಲ್ಕೈದು ಸೆಂ.ಮೀ. ಮಾತ್ರ. ಮೇಲೆ ಹೇಳಿದ 7 ಸೆಂ.ಮೀ.ಗೆ ಅದು ಸಾಲದು. ಬಾಗಿಲಿನ ಕಡೆಗೆ ಮುಖಮಾಡಿ, ಹಳಿಯ ಉದ್ದಕ್ಕೆ ಕಾಲುಗಳ ನಡುವೆ 30 ಸೆಂ.ಮೀ. ಬಿಟ್ಟು, ಮಂಡಿ ಸ್ವಲ್ಪ ಮಡಚಿ ನಿಲ್ಲಿ. ಎರಡೂ ಬದಿಗೆ 15 ಸೆಂ.ಮೀ. ಸಿಗುತ್ತದೆ. ಗರ್ದಿಯಲ್ಲಿ ಅಷ್ಟು ಜಾಗ ಸಿಕ್ಕರೆ ಎಂಬುದು ಬೇರೆ ಮಾತು. ಸಿಗದಷ್ಟು ಗರ್ದಿಯಿದ್ದರೆ ಬೀಳುವುದಕ್ಕೂ ಜಾಗವಿರುವುದಿಲ್ಲ.

ಇದೇ ಪತ್ರದ ಕೊನೆಗೆ, ನಿಲ್ಲುವ ಮೊದಲು ಇಳಿಯುವಾಗ ಯಾವ ಕಡೆ ಮುಖಮಾಡಬೇಕು ಎಂದೂ ಕೇಳಿದ್ದಾರೆ. ಇಳಿಯಲೇಬಾರದು. ಗಂಟೆಗೆ 10 ಕಿ.ಮೀ. ಎಂದರೆ ಸೆಕೆಂಡಿಗೆ 2.8 ಮೀಟರ್. ಕಾಲು ನೆಲಕ್ಕೆ ತಾಗಿ ನಿಂತರೂ ಮುಂಡ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಇನ್ನೊಂದು ಕಾಲನ್ನು ಮುಂದಿಡಲು ತಗಲುವ 0.3 ಸೆಕೆಂಡಿನಲ್ಲಿ ಅದು 80 ಸೆಂ.ಮೀ. ಸಾಗಿಯಾಗಿರುತ್ತದೆ. ಎದುರಿಗೆ ಖಾಲಿ ಜಾಗವಿದ್ದು ಗಾಡಿಯ ದಿಕ್ಕಿನಲ್ಲೇ ಓಡಿದರೆ ಮಾತ್ರ ಉಳಿಗಾಲ. ದಾದರಿನಲ್ಲಿ ಸಂಜೆ ಆರಕ್ಕೆ ಖಾಲಿ ಜಾಗ ಎಲ್ಲಿ? ಹಿಂದಕ್ಕೆ ಮುಖಮಾಡಿ ಇಳಿದವರು ಬೆನ್ನ ಮೇಲೆ ಬೀಳುತ್ತಾರೆ, ಮೊದಲು ತಾಗುವುದು ತಲೆಯ ಹಿಂಭಾಗ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಅರ್ಧಕ್ಕೇ ನಿಲ್ಲುತ್ತದೆ. ಭಾರದ ಸ್ಟ್ರೈಕರ್ ತಂದರೆ ದೂರ ಹೋಗುತ್ತದೆಯೇ? ಮತ್ತೆ, ನೇರ ಹೊಡೆದಾಗ ಕಾಯಿಯ ಹಿಂದೆಯೇ ಸ್ಟ್ರೈಕರೂ ಪಾಕೆಟ್ಟಿಗೆ ಬಿದ್ದು ಫೌಲ್ ಆಗುವುದೇಕೆ? (ಕುರ್ಲಾದ ಚಾಳಿನ ಆಟಗಾರರು)

ಉತ್ತರ: ಚಲಿಸುವ ವಸ್ತು ತಾನಾಗಿ ನಿಲ್ಲುತ್ತದೆ, ಚಲಿಸುತ್ತಿರಬೇಕಾದರೆ ಯಾರಾದರೂ ತಳ್ಳುತ್ತಿರಬೇಕು ಎಂದು ಅರಿಸ್ಟಾಟಲನ ಕಾಲದಿಂದ ನಂಬಿದ್ದರು. ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಪ್ರಶ್ನೆಯನ್ನೇ ತಿರುಗಿಸಿದ: ಯಾಕೆ ಚಲಿಸುತ್ತದೆ ಎಂದಲ್ಲ, ಯಾಕೆ ನಿಲ್ಲುತ್ತದೆ? 1687ರಲ್ಲಿ ನ್ಯೂಟನ್ ಅದನ್ನು ಚಲನೆಯ ಮೊದಲ ನಿಯಮವಾಗಿ ಬರೆದ: ಹೊರಗಿನ ಬಲ ತಡೆಯದಿದ್ದರೆ ಚಲಿಸುವುದು ಚಲಿಸುತ್ತಲೇ ಇರುತ್ತದೆ. ನಿಮ್ಮ ಬೋರ್ಡು ಅದೇ ಪ್ರಯೋಗದ ಅಗ್ಗದ ಆವೃತ್ತಿ. ಸ್ಟ್ರೈಕರಿಗೆ ನಿಲ್ಲುವ ಇಚ್ಛೆ ಇಲ್ಲ, ಮರದ ಮೇಲ್ಮೈ ಅದನ್ನು ನಿಲ್ಲಿಸುತ್ತದೆ.

ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಘರ್ಷಣೆ ಅದರ ತೂಕದ ಐದರಲ್ಲೊಂದು ಪಾಲಿದ್ದರೆ ಒಂದು ಮೀಟರ್ ಹೋಗಿ ನಿಲ್ಲುತ್ತದೆ. ಹತ್ತರಲ್ಲೊಂದಾದರೆ ಎರಡು ಮೀಟರ್. ಇಪ್ಪತ್ತರಲ್ಲೊಂದಾದರೆ ನಾಲ್ಕು, ಅಂದರೆ 74 ಸೆಂ.ಮೀ. ಬೋರ್ಡಿನಲ್ಲಿ ಗೋಡೆಯಿಂದ ಗೋಡೆಗೆ ಐದು ಸಲ ಹಾಯುವಷ್ಟು (ಗೋಡೆಗೆ ತಾಗಿದಾಗ ಕಳೆದುಕೊಳ್ಳುವ ವೇಗವನ್ನು ಬಿಟ್ಟು). ಈ ಲೆಕ್ಕದಲ್ಲಿ ಸ್ಟ್ರೈಕರಿನ ತೂಕಕ್ಕೆ ಸ್ಥಾನವೇ ಇಲ್ಲ. ಭಾರ ಹೆಚ್ಚಿದಷ್ಟೂ ಜಡತ್ವ ಹೆಚ್ಚು, ಘರ್ಷಣೆಯೂ ಅಷ್ಟೇ ಹೆಚ್ಚು. ಎರಡೂ ಹೊಡೆದುಹೋಗುತ್ತವೆ. ಹೊಸ ಸ್ಟ್ರೈಕರಿಗೆ ಹಣ ಹಾಕಬೇಡಿ. ನಿಯಮದಂತೆ ಅದು 15 ಗ್ರಾಂ ಮೀರುವಂತೆಯೂ ಇಲ್ಲ.

ಹಣ ಹಾಕಬೇಕಾದ್ದು ಒಣಗಿಸುವುದಕ್ಕೆ. ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬುತ್ತದೆ, ಪೌಡರ್ ಗಂಟುಕಟ್ಟುತ್ತದೆ. ಹಳೆಯ ಪೌಡರನ್ನು ಒಣ ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬೋರ್ಡಿನ ಮೇಲೆ ಹಳೆಯ ಕಾಲದ ತಂತಿ ಬಲ್ಬೊಂದನ್ನು ಒಂದರ್ಧ ಗಂಟೆ ಉರಿಸಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಆಮೇಲೆ ಕೇರಂ ಪೌಡರನ್ನು ಚಿಟಿಕೆಯಷ್ಟು ಉದುರಿಸಿ ಅಂಗೈಯಿಂದ ಹರಡಿ. ಬೆರಳಚ್ಚು ಮೂಡುವಷ್ಟು ಹಾಕಿದರೆ ಕಾಯಿ ತನ್ನ ಮುಂದೆಯೇ ಪೌಡರಿನ ದಿಬ್ಬ ಕಟ್ಟಿಕೊಂಡು ನಿಲ್ಲುತ್ತದೆ.

ಫೌಲ್ ವಿಷಯ. ಸ್ಟ್ರೈಕರ್ 15 ಗ್ರಾಂ, ಕಾಯಿ ಸುಮಾರು 5 ಗ್ರಾಂ. ಮೂರು ಪಟ್ಟು ಭಾರದ್ದು ಹಗುರವಾದದ್ದಕ್ಕೆ ನೇರ ಬಡಿದರೆ ಕಾಯಿ ಸ್ಟ್ರೈಕರಿನ ಒಂದೂವರೆ ಪಟ್ಟು ವೇಗದಲ್ಲಿ ಹೊರಡುತ್ತದೆ, ಸ್ಟ್ರೈಕರ್ ತನ್ನ ಅರ್ಧ ವೇಗವನ್ನು ಇಟ್ಟುಕೊಂಡು ಅದೇ ದಾರಿಯಲ್ಲಿ ಹಿಂಬಾಲಿಸುತ್ತದೆ. ಎರಡೂ ಸಮಭಾರದ್ದಾಗಿದ್ದರೆ ಸ್ಟ್ರೈಕರ್ ಬಡಿದಲ್ಲೇ ನಿಲ್ಲುತ್ತಿತ್ತು, ಬಿಲಿಯರ್ಡ್ಸ್ ಚೆಂಡಿನ ಹಾಗೆ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಕಾಯಿ ಸಾಗಬಲ್ಲ ದೂರದ ಒಂಬತ್ತನೇ ಒಂದು ಪಾಲನ್ನಷ್ಟೇ ಸ್ಟ್ರೈಕರ್ ಸಾಗಬಲ್ಲದು. ಪಾಕೆಟ್ 27 ಸೆಂ.ಮೀ. ದೂರದಲ್ಲಿದ್ದು ಕಾಯಿ ಅಲ್ಲಿಗೆ ಸರಿಯಾಗಿ ತಲುಪುವಷ್ಟೇ ಹೊಡೆದರೆ ಸ್ಟ್ರೈಕರ್ 3 ಸೆಂ.ಮೀ.ಯಲ್ಲೇ ನಿಲ್ಲುತ್ತದೆ. ಫೌಲ್ ಆಗುತ್ತಿದೆ ಎಂದರೆ ಬೇಕಾದ ಮೂರು ಪಟ್ಟು ವೇಗದಲ್ಲಿ ಹೊಡೆಯುತ್ತಿದ್ದೀರಿ ಎಂದರ್ಥ. ಹೊಡೆತ ತಗ್ಗಿಸಿ, ಇಲ್ಲವೇ ಕಾಯಿಯ ಅಂಚಿಗೆ ತಾಗಿಸಿ. ಆಗ ಎರಡರ ದಾರಿಯೂ ಬೇರೆಯಾಗುತ್ತದೆ.

ಪ್ರಶ್ನೆ: ಮಾಟುಂಗದ ಹೋಟೆಲಿನಲ್ಲಿ ಸಪ್ಲೈಯರ್. 'ತುಂಬಿದ ಕೊಡ ತುಳುಕುವುದಿಲ್ಲ' ಎನ್ನುತ್ತಾರೆ, ಆದರೆ ತುಂಬಿದ ಸಾಂಬಾರಿನ ಬಕೆಟ್ಟು ನಾಲ್ಕು ಹೆಜ್ಜೆಗೇ ತುಳುಕುತ್ತದೆ. ಲೋಟದ ಕಾಫಿ ಅಷ್ಟು ಚೆಲ್ಲುವುದಿಲ್ಲ. ಧಣಿಗಳು ನನ್ನ ಕೈ ಸರಿಯಿಲ್ಲ ಎನ್ನುತ್ತಾರೆ.

ಉತ್ತರ: ಕೈಯಲ್ಲಿ ದೋಷವಿಲ್ಲ, ಬಕೆಟ್ಟಿನ ಅಗಲದಲ್ಲಿದೆ. ಗಾದೆಯೂ ಸುಳ್ಳಲ್ಲ. ಕೊಡಕ್ಕೆ ಕಿರಿದಾದ ಕಂಠವಿದೆ, ಬಕೆಟ್ಟಿಗಿಲ್ಲ. ಎಲ್ಲ ವ್ಯತ್ಯಾಸ ಅಲ್ಲೇ.

ಪಾತ್ರೆಯಲ್ಲಿರುವ ದ್ರವವನ್ನು ಒಮ್ಮೆ ಅಲುಗಿಸಿ ಬಿಟ್ಟರೆ ಅದು ತನ್ನದೇ ತಾಳದಲ್ಲಿ ಆಚೀಚೆ ತೂಗುತ್ತದೆ, ಜೋಕಾಲಿಯ ಹಾಗೆ. ತಾಳ ಎಷ್ಟು ಚುರುಕು ಎಂಬುದು ಬಾಯಿಯ ಅಗಲದಿಂದ ತೀರ್ಮಾನವಾಗುತ್ತದೆ: ಕಿರಿದಾದರೆ ಚುರುಕು, ಅಗಲವಾದರೆ ನಿಧಾನ. 7 ಸೆಂ.ಮೀ. ಅಗಲದ ಲೋಟದಲ್ಲಿ ಸೆಕೆಂಡಿಗೆ ಸುಮಾರು ಮೂರೂವರೆ ತೂಗು. 10 ಸೆಂ.ಮೀ. ಕಂಠದಲ್ಲಿ ಮೂರು. 40 ಸೆಂ.ಮೀ. ಪಾತ್ರೆಯಲ್ಲಿ ಒಂದೂವರೆ. ನಿಮ್ಮ 24 ಸೆಂ.ಮೀ. ಬಕೆಟ್ಟಿನಲ್ಲಿ ಹೆಚ್ಚುಕಡಿಮೆ ಎರಡು. ಮನುಷ್ಯ ಚುರುಕಾಗಿ ನಡೆದರೆ ಸೆಕೆಂಡಿಗೆ ಇಡುವ ಹೆಜ್ಜೆಗಳೂ ಎರಡೇ. ಪ್ರತಿ ಹೆಜ್ಜೆಯಲ್ಲಿ ದೇಹ ಒಂದಿಷ್ಟು ಮುಂದೆ ನುಗ್ಗಿ ಒಂದಿಷ್ಟು ತಡೆಯುತ್ತದೆ. ಅಂದರೆ ಜೋಕಾಲಿ ಹಿಂದೆ ಬಂದಾಗಲೆಲ್ಲ ಸರಿಯಾದ ಹೊತ್ತಿಗೆ ಒಂದೊಂದು ನೂಕು ಬೀಳುತ್ತದೆ. ನಾಲ್ಕೈದು ಹೆಜ್ಜೆಯಲ್ಲಿ ಅಲೆ ಅಂಚು ದಾಟುತ್ತದೆ. ಬಕೆಟ್ಟನ್ನು ಯಾರು ತಯಾರಿಸಿದರೋ, ನಡಿಗೆಗೆ ಇಷ್ಟು ಚೆನ್ನಾಗಿ ಶ್ರುತಿಗೂಡಿಸಿದ್ದಾರೆ.

ಹೊರಡುವಾಗಿನ ಚೆಲ್ಲುವಿಕೆ ಬೇರೆ. ಅಲ್ಲಿ ನೇರ ಜಡತ್ವ. ಸೆಕೆಂಡಿಗೆ ಒಂದು ಮೀಟರ್‌ನಂತೆ ವೇಗ ಏರಿಸುತ್ತ ಹೊರಟರೆ ಸಾಂಬಾರಿನ ಮೇಲ್ಮೈ ಓರೆಯಾಗಿ, ಹಿಂದಿನ ಅಂಚಿನಲ್ಲಿ 1.2 ಸೆಂ.ಮೀ. ಏರುತ್ತದೆ. ಥಟ್ಟನೆ ಹೊರಟರೆ ಅದು ಮೀರಿ ತೂಗಿ ದುಪ್ಪಟ್ಟಾಗುತ್ತದೆ, ಎರಡೂವರೆ ಸೆಂ.ಮೀ. ತನಕ. ಥಟ್ಟನೆ ನಿಂತರೆ ಮುಂದಿನ ಅಂಚಿನಲ್ಲಿ ಅದೇ ಕಥೆ, ಈ ಸಲ ಗಿರಾಕಿಯ ಮೇಲೆ.

ಮಾಡಬೇಕಾದ್ದು: ಅಂಚಿನಿಂದ ನಾಲ್ಕು ಬೆರಳು ಕೆಳಗೆ ತುಂಬಿ. ಮೊದಲ ಎರಡು ಹೆಜ್ಜೆ ನಿಧಾನ. ಆಮೇಲೆ ತಾಳ ತಪ್ಪಿಸಿ, ಉದ್ದ ಹೆಜ್ಜೆಯ ನಿಧಾನ ನಡಿಗೆ ಅಥವಾ ಪುಟ್ಟ ಪುಟ್ಟ ಬಿರುಸು ಹೆಜ್ಜೆ, ಯಾವುದಾದರೂ ಸರಿ, ಸೆಕೆಂಡಿಗೆ ಎರಡು ಮಾತ್ರ ಬೇಡ. ಸೌಟನ್ನು ಒಳಗೇ ಬಿಡಿ, ಅಲೆ ಅದಕ್ಕೆ ಬಡಿದು ಸುಸ್ತಾಗುತ್ತದೆ. ಇನ್ನೊಂದು ಕೈಯಿಂದ ತಳ ಹಿಡಿಯುವವರಿದ್ದಾರೆ, ಅದು ಕೆಲಸ ಕೆಡಿಸುತ್ತದೆ. ಹಿಡಿಕೆಯಲ್ಲಿ ಸಡಿಲವಾಗಿ ತೂಗುವ ಬಕೆಟ್ಟು ಸಾಂಬಾರಿನ ಮೇಲ್ಮೈ ಎತ್ತ ಓರೆಯಾಗುತ್ತದೋ ಅತ್ತಲೇ ತಾನೂ ಓರೆಯಾಗುತ್ತದೆ, ಹಾಗಾಗಿ ಅಂಚಿಗೂ ಮೇಲ್ಮೈಗೂ ಇರುವ ಅಂತರ ಬದಲಾಗುವುದೇ ಕಡಿಮೆ. ಚಹಾ ಒಯ್ಯುವ ಹುಡುಗರ ತೂಗುವ ತಂತಿಯ ಸ್ಟ್ಯಾಂಡು ಫೋರ್ಟಿನ ರಸ್ತೆ ದಾಟಿಯೂ ಚೆಲ್ಲದಿರುವ ಗುಟ್ಟು ಇದೇ. ಕಾಫಿಯನ್ನು ಕಾಯುವುದು ಅದರ ನೊರೆ. ನೊರೆಯ ಪದರ ಲೋಟದ ಗೋಡೆಗೆ ಉಜ್ಜಿ ಅಲೆಯನ್ನು ತಿನ್ನುತ್ತದೆ. ಎತ್ತಿ ಹೊಯ್ದ ಕಾಫಿ ಕಡಿಮೆ ಚೆಲ್ಲುತ್ತದೆಂದು ಧಣಿಗಳಿಗೆ ಹೇಳಿ.

ಠಾಣೆಯ ಹೌಸಿಂಗ್ ಸೊಸೈಟಿಯವರೊಬ್ಬರು ಅರ್ಧ ಖಾಲಿಯಾದ ನೀರಿನ ಟ್ಯಾಂಕರ್ ಯಾಕೆ ಹೆಚ್ಚು ಅಪಾಯ ಎಂದು ಕೇಳಿದ್ದಾರೆ. ಅದೂ ಇದೇ. 10,000 ಲೀಟರ್ ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಓಡಾಡಲು ಜಾಗವಿಲ್ಲ. ಅರ್ಧವಾದಾಗ 5 ಟನ್ ನೀರು ಬ್ರೇಕ್ ಹಿಡಿದ ಒಂದು ಕ್ಷಣದ ನಂತರ ಮುಂದಿನ ಗೋಡೆಗೆ ಬಡಿದು ನಿಂತ ಗಾಡಿಯನ್ನು ಮತ್ತೆ ದೂಡುತ್ತದೆ, ತಿರುವಿನಲ್ಲಿ ಒಂದೇ ಬದಿಗೆ ಏರುತ್ತದೆ. ತೂತುಗಳಿರುವ ತಡೆಹಲಗೆಗಳನ್ನು ಒಳಗೆ ಅಡ್ಡಕ್ಕೆ ಬೆಸೆದಿದ್ದರೆ ಮುಂದೆ-ಹಿಂದಿನ ಹೊಡೆತ ಮುರಿಯುತ್ತದೆ. ತುಕ್ಕು ಹಿಡಿದು ಅವು ಬಿದ್ದುಹೋಗಿರುವ ಹಳೆಯ ಟ್ಯಾಂಕರ್‌ಗಳ ಬಗ್ಗೆ ಎಚ್ಚರ.

ಪ್ರಶ್ನೆ: ಫೋರ್ಟಿನ ರಾತ್ರಿಶಾಲೆಯಲ್ಲಿ ಹತ್ತನೇ ತರಗತಿ. ಪ್ರತಿ ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇದೆ ಎಂದರೆ, ನಾನು ರಿಕ್ಷಾ ತಳ್ಳಿದಷ್ಟೇ ರಿಕ್ಷಾ ನನ್ನನ್ನು ತಳ್ಳುತ್ತದೆ. ಎರಡೂ ಸಮ ಎಂದಮೇಲೆ ಅದು ಕದಲುವುದು ಹೇಗೆ ಸರ್?

ಉತ್ತರ: ನಿನ್ನ ಬಲ ಬಿದ್ದದ್ದು ರಿಕ್ಷಾದ ಮೇಲೆ. ರಿಕ್ಷಾದ ಬಲ ಬಿದ್ದದ್ದು ನಿನ್ನ ಮೇಲೆ. ಕೂಡಿ ಕಳೆಯುವುದಾದರೆ ಒಂದೇ ವಸ್ತುವಿನ ಮೇಲೆ ಬಿದ್ದ ಬಲಗಳನ್ನು ಮಾತ್ರ. ನಿನ್ನ ಖಾತೆಯ ಸಾಲವನ್ನು ಪಕ್ಕದವನ ಖಾತೆಯ ಜಮೆಯಿಂದ ಕಳೆಯುವುದಿಲ್ಲವಲ್ಲ.

ರಿಕ್ಷಾದ ಖಾತೆ ನೋಡು. ಖಾಲಿ ರಿಕ್ಷಾ 350 ಕಿಲೋ ಎಂದಿಟ್ಟುಕೊ. ಡಾಂಬರಿನ ಸಮತಟ್ಟು ರಸ್ತೆಯಲ್ಲಿ, ಗಾಳಿ ಸರಿಯಿರುವ ಟೈರಿದ್ದರೆ ಉರುಳುವಿಕೆಯ ತಡೆ ಸುಮಾರು 5 ಕಿಲೋ ಬಲ. ಇಬ್ಬರು ತಲಾ 15 ಕಿಲೋ ಬಲ ಹಾಕಿದರೆ ಒಟ್ಟು 30. ಉಳಿದ 25 ವೇಗ ಹೆಚ್ಚಿಸಲು. ಐದು ಸೆಕೆಂಡಿನಲ್ಲಿ ಗಂಟೆಗೆ 12 ಕಿ.ಮೀ. ದಾಟುತ್ತದೆ. ಆಮೇಲೆ ಅದೇ ವೇಗದಲ್ಲಿಡಲು 5 ಕಿಲೋ ಸಾಕು. ಹೊರಡಿಸುವುದು ಕಷ್ಟ, ಓಡಿಸುವುದು ಸುಲಭ ಅನಿಸುವುದು ಇದಕ್ಕೇ.

ನಿನ್ನ ಖಾತೆಯಲ್ಲಿ ರಿಕ್ಷಾ ಹಿಂದಕ್ಕೆ ತಳ್ಳಿದ 15 ಕಿಲೋ, ನೆಲ ನಿನ್ನ ಪಾದವನ್ನು ಮುಂದಕ್ಕೆ ತಳ್ಳಿದ 15 ಕಿಲೋ ಮತ್ತು ಚೂರು ಹೆಚ್ಚು. ನೆಲದ ಆ ಪಾಲು ಇಲ್ಲದಿದ್ದರೆ ಆಟ ಮುಗಿಯಿತು. ಮಳೆಯಲ್ಲಿ ಸವೆದ ಚಪ್ಪಲಿ ಹಾಕಿಕೊಂಡ 60 ಕಿಲೋ ಹುಡುಗನಿಗೆ ನೆಲ ಕೊಡಬಲ್ಲದ್ದು 12 ಕಿಲೋ ಇರಬಹುದು. ತೋಳಿನಲ್ಲಿ ಎಷ್ಟೇ ಶಕ್ತಿಯಿದ್ದರೂ ಅದಕ್ಕಿಂತ ಹೆಚ್ಚು ತಳ್ಳಲು ಬರುವುದಿಲ್ಲ, ಕಾಲು ಜಾರುತ್ತದೆ. ಪರೀಕ್ಷೆಯಲ್ಲಿ ಎರಡು ಚಿತ್ರ ಬಿಡಿಸು, ಒಂದು ರಿಕ್ಷಾದ್ದು, ಒಂದು ನಿನ್ನದು. ಒಂದೇ ಚಿತ್ರದಲ್ಲಿ ಎಲ್ಲ ಬಾಣ ಹಾಕುವವರೇ ಗೊಂದಲಕ್ಕೆ ಬೀಳುವುದು.

ಪ್ರಶ್ನೆ: ಚಿಂಚವಡದಿಂದ ಮುಂಬಯಿಗೆ ಕಾರಿನಲ್ಲಿ ಹೋಗುವಾಗ ಖಂಡಾಳ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಗೆಳೆಯರ ಸಲಹೆ. ಸರಿಯೇ?

ಉತ್ತರ: ಎರಡು ರೀತಿಯಲ್ಲಿ ತಪ್ಪು. ಈಗಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಅದಕ್ಕೆ ಪೆಟ್ರೋಲ್ ಬೇಕೇಬೇಕು. ಅಂದರೆ ಉಳಿಯುವುದಿಲ್ಲ, ಖರ್ಚಾಗುತ್ತದೆ.

ಎರಡನೆಯದು ಜೀವದ ಪ್ರಶ್ನೆ. ಲೋಣಾವಳದಿಂದ ಖೋಪೋಲಿಯ ಮಟ್ಟಕ್ಕೆ ಬರುವಷ್ಟರಲ್ಲಿ 500 ಮೀಟರಿಗೂ ಹೆಚ್ಚು ಎತ್ತರ ಕಳೆಯುತ್ತೀರಿ. ಜನರೂ ಸೇರಿ 1400 ಕಿಲೋ ತೂಗುವ ಕಾರು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ 25 ಡಿಗ್ರಿಯ 20 ಲೀಟರ್ ನೀರನ್ನು ಕುದಿಸಲು ಸಾಕು. 25 ಟನ್ ಲಾರಿಯಾದರೆ ಸುಮಾರು 390 ಲೀಟರ್. ಗಾಳಿಯ ತಡೆ ಒಂದಿಷ್ಟು ನುಂಗುತ್ತದೆ. ಉಳಿದದ್ದು ಎಂಜಿನ್ನಿಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಬಾಗಿಲು ಮುಚ್ಚಿದ್ದೀರಿ, ಎಲ್ಲ ಕಾವೂ ಪ್ಯಾಡು, ಡಿಸ್ಕಿನ ಪಾಲು. ಕಾದ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಬ್ರೇಕ್ ಆಯಿಲ್ಲು ಕುದಿಯುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ತಾಳಬೇಕೆಂದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲಿನ ಮಿತಿ 140 ಮತ್ತು 155 ಅಷ್ಟೇ. ಕುದಿದರೆ ನಳಿಗೆಯಲ್ಲಿ ಆವಿಗುಳ್ಳೆ, ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಕೊಂಕಣದ ಮಳೆ ಕಂಡ ಗಾಡಿಗೆ ಇದು ಇನ್ನೂ ಮುಖ್ಯ.

ಇಳಿಯುವುದು ಹೀಗೆ. ಇಳಿಜಾರು ಶುರುವಾಗುವ ಮೊದಲೇ ಮೂರನೇ ಗೇರು, ಕಡಿದಾದಲ್ಲಿ ಎರಡು. ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡಿ. ಒತ್ತಿ ಹತ್ತು ಕಿ.ಮೀ. ವೇಗ ಇಳಿಸಿ, ಪೂರ್ತಿ ಬಿಡಿ, ಆರಲಿ. ಎಂಜಿನ್ ಆರಿಸಿ ಇಳಿಯುವ ಮಹಾಶಯರೂ ಇದ್ದಾರೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರಿನ (ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಸಾಧನದ) ನೆರವು ಖಾಲಿ, ಸ್ಟಿಯರಿಂಗ್ ಕಲ್ಲಾಗುತ್ತದೆ. ಬ್ರೇಕ್ ಕೈಕೊಟ್ಟೇಬಿಟ್ಟರೆ ಪೆಡಲನ್ನು ಪಂಪಿನಂತೆ ಒತ್ತುತ್ತ ಒಂದೊಂದೇ ಗೇರು ಇಳಿಸಿ, ಕೈಬ್ರೇಕನ್ನು ಗುಂಡಿ ಒತ್ತಿಹಿಡಿದು ಸ್ವಲ್ಪಸ್ವಲ್ಪ ಎಳೆಯಿರಿ. ಒಂದೇ ಸಲ ಎಳೆದರೆ ಹಿಂದಿನ ಚಕ್ರ ಬಿಗಿದು ಗಾಡಿ ಸುತ್ತುತ್ತದೆ.

ಪಕ್ಕದ ರೈಲುಮಾರ್ಗದವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ನೋಡಿ. ಕರ್ಜತ್-ಲೋಣಾವಳ ನಡುವೆ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ಸಾವಿರ ಟನ್ ಗಾಡಿಯನ್ನು ಇಳಿಜಾರು 27 ಟನ್ ಬಲದಿಂದ ಕೆಳಗೆಳೆಯುತ್ತದೆ. ಹತ್ತುವಾಗ ಕರ್ಜತ್‌ನಲ್ಲಿ ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್ ಸೇರಿಸುತ್ತಾರೆ. ಇಳಿಯುವ ಗಾಡಿಗಳಿಗಾಗಿ ಮಂಕಿ ಹಿಲ್, ಠಾಕುರವಾಡಿ, ನಾಗನಾಥಗಳಲ್ಲಿ ಕ್ಯಾಚ್ ಸೈಡಿಂಗ್ ಇದೆ: ಹಿಡಿತ ತಪ್ಪಿದ ಗಾಡಿಯನ್ನು ಮುಖ್ಯ ಹಳಿಯಿಂದ ಬೇರ್ಪಡಿಸಿ ಏರುದಾರಿಗೆ ಒಯ್ದು, ಅದರ ವೇಗವನ್ನು ಅಲ್ಲೇ ಸವೆಸುವ ಹಳಿ.

ಪ್ರಶ್ನೆ: ಮಗುವಿಗೆ ಹತ್ತು ತಿಂಗಳು, ಹತ್ತು ಕಿಲೋ. ಕಾರಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಗಟ್ಟಿಯಾಗಿ ತಬ್ಬಿ ಹಿಡಿದುಕೊಂಡರೆ ಸಾಲದೇ? (ಠಾಣೆಯ ಗೃಹಿಣಿ)

ಉತ್ತರ: ಸಾಲದು. ಗಂಟೆಗೆ 50 ಕಿ.ಮೀ. ವೇಗದ ಕಾರು ಢಿಕ್ಕಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲುತ್ತದೆ ಎನ್ನಿ. ಅಷ್ಟರಲ್ಲಿ ಮಗುವನ್ನೂ ನಿಲ್ಲಿಸಲು ನಿಮ್ಮ ತೋಳುಗಳು ಸರಾಸರಿ 140 ಕಿಲೋ ಬಲ ಕೊಡಬೇಕು. ಇದು ಯಾವ ತಾಯಿಯ ತೋಳಿಗೂ ಆಗದ ಮಾತು, ಪ್ರೀತಿಯ ಕೊರತೆಯಿಂದಲ್ಲ. ನಿಮಗೆ ಬೆಲ್ಟ್ ಇಲ್ಲದಿದ್ದರೆ ನಿಮ್ಮ ತೂಕವೂ ಮಗುವಿನ ಬೆನ್ನಿಗೆ ಬೀಳುತ್ತದೆ. ಮುಂದಿನ ಏರ್‌ಬ್ಯಾಗು ಕಣ್ಣು ರೆಪ್ಪೆ ಮುಚ್ಚುವುದಕ್ಕಿಂತ ಬೇಗ ಉಬ್ಬಿ ಮಗುವಿನ ತಲೆಗೇ ಬಡಿಯುತ್ತದೆ. ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖಮಾಡಿದ ಮಕ್ಕಳ ಸೀಟು ಕಟ್ಟಿ. ಆಗ ತಡೆಯುವ ಬಲ ಮಗುವಿನ ಇಡೀ ಬೆನ್ನಿಗೆ ಹಂಚಿಹೋಗುತ್ತದೆ, ಎಳೆಯ ಕತ್ತಿಗೆ ಬೀಳುವುದಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ ₹1,000 ದಂಡವೂ ಇದೆ. ಹಿಂದೆ ಕೂತ ದೊಡ್ಡವರೂ ಬೆಲ್ಟ್ ಹಾಕಬೇಕು. ಹಾಕದವರನ್ನು ನಿಲ್ಲಿಸುವುದು ಮುಂದಿನ ಸೀಟು, ಅದರಲ್ಲಿ ಕೂತವರ ಸಮೇತ.

ಪ್ರಶ್ನೆ: ಬೆತಿಯಿಂದ ಪಣಜಿಗೆ ಫೆರಿಯಲ್ಲಿ ಬೈಕ್ ಒಯ್ಯುತ್ತೇನೆ. ದಡ ದೂರವಿರುವಾಗಲೇ ಎಂಜಿನ್ ಸದ್ದು ಇಳಿಯುತ್ತದೆ, ಆದರೂ ಫೆರಿ ಬರುತ್ತಲೇ ಇರುತ್ತದೆ. ನೀರಿನಲ್ಲಿ ಬ್ರೇಕ್ ಹೇಗೆ?

ಉತ್ತರ: ಬ್ರೇಕ್ ಇಲ್ಲ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ತಡೆ ಕಾಲುಭಾಗ. ಆದ್ದರಿಂದ ಮೊದಲಿನ ವೇಗ ಬೇಗ ಇಳಿಯುತ್ತದೆ, ಕೊನೆಯ ಚೂರು ಮಾತ್ರ ಹೋಗುವುದೇ ಇಲ್ಲ. ಹಾಗೇ ಬಿಟ್ಟರೆ ಮಾಂಡೋವಿಯ ಸೆಳೆತ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಆ ಕೊನೆಯ ಚೂರನ್ನು ಕಳೆಯಲು ಪ್ರೊಪೆಲ್ಲರನ್ನು ಹಿಂದುಮುಂದಾಗಿ ತಿರುಗಿಸಿ ನೀರನ್ನು ಮುಂದಕ್ಕೆ ದೂಡುತ್ತಾರೆ, ನೀರು ಫೆರಿಯನ್ನು ಹಿಂದಕ್ಕೆ ದೂಡುತ್ತದೆ. ದಡಕ್ಕೆ ತಾಗುವ ಹೊತ್ತಿನ ಕುಲುಕಿಗೆ ಬೈಕ್ ಉರುಳದಿರಲು ಅದನ್ನು ಗೇರಿನಲ್ಲಿಡಿ. ನ್ಯೂಟ್ರಲ್‌ನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದ ಬೈಕ್ ಮುಂದಕ್ಕೆ ಉರುಳಿದರೆ ಸ್ಟ್ಯಾಂಡು ಮಡಚಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಹಿಡಿದುಕೊಳ್ಳುವುದು.

ಪ್ರಶ್ನೆ: ಜುಹೂ ಚೌಪಾಟಿಯಲ್ಲಿ ಅಪ್ಪ ಗ್ಯಾಸ್ ಬಲೂನು ಕೊಡಿಸಿದರು. ಟ್ಯಾಕ್ಸಿ ಹೊರಟಾಗ ನಾವೆಲ್ಲ ಹಿಂದೆ ಹೋದೆವು, ಬಲೂನು ಮಾತ್ರ ಮುಂದೆ ಹೋಯಿತು. ಅದಕ್ಕೆ ಜಡತ್ವ ಇಲ್ಲವಾ? (ಅಂಧೇರಿ, ಐದನೇ ತರಗತಿ)

ಉತ್ತರ: ಇದೆ ಮರಿ, ಆದರೆ ಟ್ಯಾಕ್ಸಿಯೊಳಗಿನ ಗಾಳಿಗೆ ಅದಕ್ಕಿಂತ ಹೆಚ್ಚು ಇದೆ. ಒಂದು ಘನಮೀಟರ್ ಗಾಳಿ 1.2 ಕಿಲೋ, ಅಷ್ಟೇ ಹೀಲಿಯಂ (ಗ್ಯಾಸ್ ಬಲೂನಿಗೆ ತುಂಬುವ ಹಗುರ ಅನಿಲ) 0.18 ಕಿಲೋ. ಟ್ಯಾಕ್ಸಿ ಹೊರಟಾಗ ಗಾಳಿಯೂ ನಿಮ್ಮಂತೆ ಹಿಂದೆ ಉಳಿಯಲು ನೋಡುತ್ತದೆ, ಹಿಂಬದಿಯಲ್ಲಿ ಚೂರು ದಟ್ಟವಾಗಿ ಒತ್ತುತ್ತದೆ. ಆ ಒತ್ತಡ ಹಗುರವಾದ ಬಲೂನನ್ನು ಮುಂದಕ್ಕೆ ಕಳಿಸುತ್ತದೆ. ಮುಚ್ಚಿದ ಬಾಟಲಿಯಲ್ಲಿ ನೀರು ತುಂಬಿ ಒಂದು ಗುಳ್ಳೆ ಬಿಟ್ಟು ಅಡ್ಡ ಹಿಡಿ, ಥಟ್ಟನೆ ಮುಂದಕ್ಕೆ ಸರಿಸು. ಗುಳ್ಳೆಯೂ ಮುಂದೆಯೇ ಓಡುತ್ತದೆ. ಟ್ಯಾಕ್ಸಿಯ ಕಿಟಕಿ ಮುಚ್ಚಿದ್ದರೆ ಮಾತ್ರ ಬಲೂನಿನ ಆಟ ಸರಿಯಾಗಿ ಕಾಣುತ್ತದೆ.

ಪ್ರಶ್ನೆ: ಮಾಪ್ಸಾದಲ್ಲಿ ಬಡಗಿ ಕೆಲಸ. ಸುತ್ತಿಗೆಯ ತಲೆ ಸಡಿಲವಾದರೆ ಹಿಡಿಯ ತುದಿಯನ್ನು ನೆಲಕ್ಕೆ ಕುಟ್ಟುತ್ತೇವೆ. ನಮ್ಮ ಹಿರಿಯರು ತಲೆಯನ್ನು ಕೆಳಗೆ ಜೋತುಬಿಟ್ಟು ಹಿಡಿಯ ತುದಿಗೆ ಕೊಡತಿಯಿಂದ ಹೊಡೆಯುತ್ತಿದ್ದರು. ತಲೆ ಕಳಚಿ ಬೀಳಬೇಕಿತ್ತಲ್ಲ?

ಉತ್ತರ: ಬೀಳುವುದಿಲ್ಲ, ಬಿಗಿಯಾಗುತ್ತದೆ. ಹಿರಿಯರ ರೀತಿಯೇ ಮೇಲು. ಕೊಡತಿಯ ಪೆಟ್ಟು ಹಗುರವಾದ ಮರದ ಹಿಡಿಯನ್ನು ಥಟ್ಟನೆ ಕೆಳಕ್ಕೆ ಓಡಿಸುತ್ತದೆ. ಭಾರದ ಕಬ್ಬಿಣದ ತಲೆ ಅಷ್ಟು ಬೇಗ ಕದಲದೆ ಇದ್ದಲ್ಲೇ ಇರುತ್ತದೆ. ಹಿಡಿ ಅದರ ತೂತಿನೊಳಗೆ ಇಳಿಯುತ್ತದೆ, ನೋಡುವವರಿಗೆ ತಲೆಯೇ ಮೇಲೇರಿದಂತೆ ಕಾಣುತ್ತದೆ. ನೆಲಕ್ಕೆ ಕುಟ್ಟಿದಾಗ ಹಿಡಿ ನಿಲ್ಲುತ್ತದೆ, ತಲೆ ಇಳಿಯುತ್ತಲೇ ಇರುತ್ತದೆ. ಕೆಲಸ ಆಗುತ್ತದೆ, ಆದರೆ ಗಟ್ಟಿ ನೆಲಕ್ಕೆ ಹಿಡಿಯ ತುದಿ ಸೀಳುವುದುಂಟು. ತಲೆ ಗಾಳಿಯಲ್ಲಿ ತೂಗುತ್ತಿರಬೇಕು, ಬೆಂಚಿನ ಮೇಲೆ ಊರಿದರೆ ಬೆಂಚೂ ಒಂದು ಬಲ ಹಾಕಿ ಲೆಕ್ಕ ಕೆಡಿಸುತ್ತದೆ. ಏಳೆಂಟು ಚಿಕ್ಕ, ಚುರುಕು ಪೆಟ್ಟು ಹಾಕಿ. ನಿಧಾನದ ದೊಡ್ಡ ನೂಕಿಗೆ ತಲೆಯೂ ಹಿಡಿಯ ಜೊತೆಗೇ ಹೊರಟುಬಿಡುತ್ತದೆ. ಬಿಗಿಯಾದ ಮೇಲೆ ಬೆಣೆಯನ್ನು ಬಡಿದು ಕೂರಿಸಿ. ಮಳೆಗಾಲದಲ್ಲಿ ಉಬ್ಬಿದ ಮರ ಮೇ ತಿಂಗಳಲ್ಲಿ ಕುಗ್ಗಿದಾಗ ಮತ್ತೆ ಸಡಿಲವಾಗುತ್ತದೆ, ಆಗ ಇನ್ನೊಮ್ಮೆ.